ಹಾಫಿಜನ ಸಮಾಧಿ ಮತ್ತು ಔಚಿತ್ಯವಿಚಾರ

ಕವಿಗೆ ಸಮಾಧಿಮಂದಿರವೇತಕ್ಕೆ ಎಂಬ ಪ್ರಶ್ನೆಯು ಹೊಸದಲ್ಲ. ಅರಸನು ಗತಿಸಿದ ಮೇಲೆ ಅವನ ಹೆಸರನ್ನು ಕಲ್ಲು ಹೇಳಬೇಕು. ಕವಿಯು ಗತಿಸಿದ ಮೇಲೆ ಅವನ ಹೆಸರನ್ನು ಅವನ ಕೃತಿಯೇ ಹೇಳುತ್ತಿರುವುದು. ಆದುದರಿಂದ ಕವಿಯ ಗೋರಿಯ ಮೇಲೆ ಕಟ್ಟಡವನ್ನೆತ್ತುವವನು ಶಿಲ್ಪಿಯಾಗಿದ್ದರೆ ಸಾಲದು, ವಿಮರ್ಶಕನೂ ಆಗಿರಬೇಕು. ಆ ಕವಿಯ ಕಾವ್ಯಕ್ಕೆ ಜೀವಾಳವು ಯಾವುದೆಂಬುದನ್ನು ಮೊದಲು ನಿರ್ಣಯಿಸಿಕೊಳ್ಳದೆ ಅವನು ಒಂದು ಕಂಬವನ್ನಾದರೂ ಸರಿಯಾದ ಎಡೆಯಲ್ಲಿ ನಿಲ್ಲಿಸಲಾರನು. ಭಾರತೀಯ ಆಲಂಕಾರಿಕರಲ್ಲಿ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವಿತವೆಂದು ಸಾಧಿಸಿದನಷ್ಟೆ. ಕೊರಳಿಗೆ ಡಾಬನ್ನೂ ಸೊಂಟಕ್ಕೆ ಹಾರವನ್ನೂ ತೊಟ್ಟರೆ ಒಡವೆಯು ಚಿನ್ನದ್ದಾದರೂ ಅದು ನಗೆಗೀಡಾಗುವುದು. ಈ ಒರೆಗಲ್ಲನ್ನು ಕಾವ್ಯದಿಂದ ಕಟ್ಟಡಕ್ಕೂ ತರಲು ಅಡ್ಡಿಯಿಲ್ಲ. ಇರಾನ್ ದೇಶದ ಶೀರಾಜ್ ಪಟ್ಟಣದಲ್ಲಿರುವ ಹಾಫಿಜ್ ಮಹಾಕವಿಯ ಸಮಾಧಿಯು ಇಂಥ ಪರೀಕ್ಷೆಗೆ ತಕ್ಕ ವಸ್ತುವಾಗಿದೆ. ಏಕೆಂದರೆ ಅಲ್ಲಿ ಐದೂವರೆ ಶತಮಾನಗಳಲ್ಲಿ ಹಲವು ಕೈಗಳು ಹಲವು ಬಗೆಯಾಗಿ ಕಟ್ಟಿದುವು, ಕೆಡವಿದುವು, ಮತ್ತೆ ಕಟ್ಟಿದುವು. ಒಂದೊಂದು ಕಟ್ಟಡವೂ ಹಾಫಿಜನಿಗೆ ಬರೆದ ಒಂದೊಂದು ವ್ಯಾಖ್ಯಾನವೇ ಆಗಿದ್ದಿತು.

ಕನ್ನಡ ವಾಚಕರಿಗೆ ಪಾರಸಿಕ ಕವಿಗಳ ಪೈಕಿ ಹೆಚ್ಚು ಬಳಕೆಯಾದವನು ಉಮರ್ ಖಯ್ಯಾಮನು, ಡಿ. ವಿ. ಗುಂಡಪ್ಪನವರ ‘ಉಮರನ ಒಸಗೆ’ಯು ಆ ಉಪಕಾರವನ್ನು ಮಾಡಿದೆ. ಆದರೆ ಇರಾನಿನ ಜನರು ತಮ್ಮ ಮನೆಯ ಕವಿಯೆಂದು ಬಗೆದಿರುವುದು ಹಾಫಿಜನನ್ನು. ಖ್ವಾಜಾ ಶಮ್ಸುದ್ದೀನ್ ಮುಹಮ್ಮದ್ ಎಂಬುದು ಅವನ ಹೆಸರು. ಕುರಾನನ್ನು ಕಂಠಪಾಠವಾಗಿ ಬಲ್ಲವನಿಗೆ ಸಲ್ಲುವ ‘ಹಾಫಿಜ್’ ಎಂಬ ಬಿರುದೇ ಅವನ ಗಜಲುಗಳಿಗೆ ಅಂಕಿತವಾಯಿತು. ವಚನಕಾರರ ಅಂಕಿತವು ವಚನದ ಕೊನೆಯಲ್ಲಿ ಬರುವಂತೆ ಅದು ಗಜಲಿನ ಕೊನೆಯ ದ್ವಿಪದಿಯಲ್ಲಿ ಬರುವುದು. ಅವನ ಗಜಲಿನಲ್ಲಿ ದ್ವಿಪದಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದಿಲ್ಲ. ದಾರದಲ್ಲಿ ಸಡಿಲವಾಗಿ ಪೋಣಿಸಿದ ಮುತ್ತುಗಳಂತೆ ನಡುವೆ ಗಾಳಿಯಾಡಲು ಎಡೆಯಿರುವುದು. ಅವನು ಹಾಡಿದ ಮಧುವು ದ್ರಾಕ್ಷಿಯ ಮಧುವೋ ಭಗವತ್ಪ್ರೇಮವೋ ಎಂಬ ವಾದವು ಆರು ಶತಮಾನಗಳಿಂದ ತೀರಿಲ್ಲ. ತೀರದಂತೆ ಬರೆದುದೇ ಅವನ ಪ್ರತಿಭೆ. ಡಾಂಭಿಕನಾದ ಧರ್ಮೋಪದೇಶಕನನ್ನೂ ಕಂಬಳಿ ಹೊದ್ದು ವಂಚಿಸುವ ಕಪಟ ಸೂಫಿಯನ್ನೂ ಅವನು ಒಂದೇ ಸಮನೆ ಪರಿಹಾಸ್ಯ ಮಾಡಿದನು.

ಇಂಥವನ ಶವಸಂಸ್ಕಾರವು ನಿರ್ವಿಘ್ನವಾಗಿ ನಡೆಯಲಿಲ್ಲವೆಂದು ಐತಿಹ್ಯವುಂಟು. ಮದಿರೆಯನ್ನು ಹೊಗಳಿದವನಿಗೆ ಮುಸಲ್ಮಾನರ ವಿಧಿಯಂತೆ ಸಂಸ್ಕಾರವಾಗಕೂಡದೆಂದು ಕೆಲವರು ಹಟ ಹಿಡಿದರಂತೆ. ಆಗ ಅವನ ಪದ್ಯಗಳನ್ನು ಚೀಟಿಗಳಲ್ಲಿ ಬರೆದು ಪಾತ್ರೆಯೊಂದರಲ್ಲಿ ಹಾಕಿ, ಮಗುವಿನ ಕೈಯಿಂದ ಒಂದನ್ನು ತೆಗೆಯಿಸಲು, ಬಂದ ಪದ್ಯವು ಕವಿಯ ಪರವಾಗಿಯೇ ತೀರ್ಪು ಕೊಟ್ಟಿತಂತೆ. ಇದು ನಡೆದುದೇ ಅಲ್ಲವೇ ಎಂಬುದು ಮುಖ್ಯವಲ್ಲ. ಈ ಕವಿಯು ಯಾರವನು, ಅವನನ್ನು ಯಾರು ಒಳಗೆ ಸೇರಿಸಿಕೊಳ್ಳಬೇಕು, ಯಾರು ಹೊರಗಿಡಬೇಕು ಎಂಬ ವಿವಾದವು ಗೋರಿಯೊಡನೆಯೇ ಹುಟ್ಟಿತೆಂಬುದನ್ನು ಈ ಕಥೆಯು ಸೂಚಿಸುತ್ತದೆ. ಮುಂದಿನ ಇತಿಹಾಸವೆಲ್ಲವೂ ಆ ವಿವಾದದ ವಿಸ್ತಾರವೇ ಆಗಿದೆ.

ಅವನನ್ನು ಹೂಳಿದ್ದು ಪಟ್ಟಣದ ಉತ್ತರಕ್ಕಿರುವ ಮುಸಲ್ಲಾ ಎಂಬ ಎಡೆಯಲ್ಲಿ. ಬುವೈಹಿ ವಂಶದ ರುಕ್ನುದ್ದೌಲನು ಹತ್ತನೆಯ ಶತಮಾನದಲ್ಲಿ ತರಿಸಿದ ರುಕ್ನಾಬಾದ್ ಎಂಬ ಕಾಲುವೆಯ ನೀರು ಆ ಕಡೆಗೆ ಹರಿಯುತ್ತಿದ್ದಿತು. ಕವಿಯು ಬದುಕಿದ್ದಾಗ ತನ್ನ ಪ್ರಸಿದ್ಧವಾದ ಒಂದು ಗಜಲಿನಲ್ಲಿ ಈ ನೀರನ್ನೂ ಈ ತೋಟವನ್ನೂ ಜೊತೆಯಾಗಿ ಹೆಸರಿಸಿದ್ದನು. ಅವನ ಮರಣದ ವರ್ಷವನ್ನು ಹೇಳುವ ‘ಖಾಕೆ ಮುಸಲ್ಲಾ’, ಎಂದರೆ ಮುಸಲ್ಲಾದ ಮಣ್ಣು, ಎಂಬ ಪದಯುಗ್ಮವೂ ಈ ಸ್ಥಳದಿಂದಲೇ ಹುಟ್ಟಿತು. ಅರಬ್ಬೀ ಅಕ್ಷರಗಳಿಗೆ ಸಲ್ಲುವ ಅಂಕಿಗಳನ್ನು ಕೂಡಿಸಿದರೆ ಇದರಿಂದ ಹಿಜರಿ 791 ದೊರೆಯುವುದು. ಕ್ರಿಸ್ತಶಕದಲ್ಲಿ ಅದು 1389. ಕಟಪಯಾದಿ ಕ್ರಮವನ್ನು ಬಲ್ಲವರಿಗೆ ಈ ಚಮತ್ಕಾರವು ಹೊಸದೆನಿಸದು. ಕೆಲವರು ಒಂದು ವರ್ಷ ಮುಂದಕ್ಕೆ ಹಾಕಿ 1390 ಎನ್ನುವರು.

ಈ ನೆಲವನ್ನು ಬಿಟ್ಟು ಕವಿಯು ಕನ್ನಡನಾಡಿಗೆ ಬರುವುದರಲ್ಲಿದ್ದನೆಂಬ ವೃತ್ತಾಂತವೊಂದು ಇಲ್ಲಿ ಸ್ಮರಣೀಯವಾಗಿದೆ. ಕಲಬುರಗಿಯಲ್ಲಿ 1378ರಿಂದ 1397ರ ವರೆಗೆ ಆಳಿದ ಬಹಮನಿ ಸುಲ್ತಾನ ಎರಡನೆಯ ಮುಹಮ್ಮದನು ವಿದ್ಯಾಪಕ್ಷಪಾತಿ. ಅವನ ಆಸ್ಥಾನದ ಮೀರ್ ಫಜಲುಲ್ಲಾ ಇಂಜೂ ಎಂಬಾತನು ಹಣವನ್ನು ಕಳುಹಿಸಿ ಹಾಫಿಜನನ್ನು ಆಹ್ವಾನಿಸಿದನೆಂದೂ, ಕವಿಯು ಹೊರಟು ಹುರ್ಮುಜ್ ಬಂದರಿನಲ್ಲಿ ಹಡಗನ್ನೇರಿದನೆಂದೂ, ಬಿರುಗಾಳಿಯೇಳಲು ಅಂಜಿ ಇಳಿದು, ತನಗೆ ಬದಲಾಗಿ ಒಂದು ಗಜಲನ್ನು ಕಳುಹಿಸಿ ಶೀರಾಜಿಗೆ ಹಿಂದಿರುಗಿದನೆಂದೂ ಫಿರಿಸ್ತಾ ಹೇಳುತ್ತಾನೆ. ಫಿರಿಸ್ತಾ ತನ್ನ ಇತಿಹಾಸವನ್ನು ಬರೆದುದು ಬಿಜಾಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ, ಕವಿಯು ಗತಿಸಿ ಎರಡು ಶತಮಾನಗಳು ಕಳೆದ ಮೇಲೆ. ಹೀಗಾಗಿ ಅವನ ಮಾತಿನಲ್ಲಿ ಕಥೆಯೆಷ್ಟು ಚರಿತ್ರೆಯೆಷ್ಟು ಎಂಬುದನ್ನು ಬಿಡಿಸುವುದು ಸುಲಭವಲ್ಲ. ಆದರೆ ಆಹ್ವಾನಿಸಿದ ರಾಜವಂಶದ ಸಮಾಧಿಗಳು ಕಲಬುರಗಿಯ ಹಫ್ತ್ ಗುಂಬಜದಲ್ಲಿ ಇಂದಿಗೂ ನಿಂತಿರುವುವು: ದಪ್ಪಗೋಡೆಗಳ ಚೌಕ, ಅದರ ಮೇಲೆ ಗುಮ್ಮಟ, ಒಳಗೆ ತಣ್ಣನೆಯ ಮಬ್ಬುಗತ್ತಲೆ. ಅಧಿಕಾರವನ್ನು ಹೂಳಿದ ಎಡೆಗೆ ಅದು ಉಚಿತವೇ ಸರಿ. ಹಾಫಿಜನಿಗೆ ಅದೇ ಉಡುಗೆಯು ಒಪ್ಪುವುದೇ ಎಂಬುದು ಬೇರೆ ಪ್ರಶ್ನೆ.

ಒಪ್ಪುವುದೆಂದೇ ಮೊದಲು ಬಗೆದರು. 1452ರಲ್ಲಿ ತೈಮೂರನ ವಂಶದ ಅಬುಲ್ ಕಾಸಿಂ ಬಾಬರನು ಫಾರಸ್ ಪ್ರಾಂತವನ್ನು ಆಳುತ್ತಿದ್ದಾಗ ಅವನ ಮಂತ್ರಿಯಾದ ಶಮ್ಸುದ್ದೀನ್ ಮುಹಮ್ಮದ್ ಯಗ್ಮಾಯಿಯು ಗೋರಿಯ ಮೇಲೆ ಗುಮ್ಮಟದ ಮಂದಿರವನ್ನು ಕಟ್ಟಿಸಿ, ರುಕ್ನಾಬಾದಿನ ನೀರು ತುಂಬುವಂತೆ ಕೊಳವೊಂದನ್ನು ತೋಡಿಸಿದನು. (ಹಿಂದೂಸ್ಥಾನದಲ್ಲಿ ಮೊಗಲ ರಾಜ್ಯವನ್ನು ಸ್ಥಾಪಿಸಿದ ಬಾಬರನು ಬೇರೆ.) ಹದಿನೇಳನೆಯ ಶತಮಾನದ ಆದಿಯಲ್ಲಿ ಷಾ ಅಬ್ಬಾಸನ ಕಾಲಕ್ಕೆ ಅದರ ಜೀರ್ಣೋದ್ಧಾರವಾಯಿತು. ಈ ಕಟ್ಟಡದಲ್ಲಿ ಗುಮ್ಮಟವು ರಾಜಸಂಪ್ರದಾಯದ್ದು. ಕೊಳವು ಮಾತ್ರ ಕವಿಯ ಕಾವ್ಯದಿಂದ ಬಂದುದು. ಅಲ್ಲಿ ವಿಮರ್ಶೆಯು ಅರ್ಧ ದಾರಿಯನ್ನು ಕ್ರಮಿಸಿತ್ತೆನ್ನಬಹುದು.

ಉಳಿದರ್ಧವನ್ನು ನಡೆದವನು ಕರೀಂಖಾನ್ ಜಂದ್. ಶೀರಾಜನ್ನು ರಾಜಧಾನಿಯನ್ನಾಗಿ ಮಾಡಿಕೊಂಡು, ಷಾ ಎಂಬ ಬಿರುದನ್ನು ಧರಿಸದೆ ‘ವಕೀಲ’ನೆಂದು ಕರೆಯಿಸಿಕೊಂಡ ಈ ಪ್ರಭುವು 1773ರಲ್ಲಿ ಮಾಡಿಸಿದ ಕಾರ್ಯಗಳಲ್ಲಿ ಎರಡು ಮುಖ್ಯವಾದುವು. ಮೊದಲನೆಯದಾಗಿ, ಅವನು ಗೋರಿಯ ಮೇಲೆ ಗುಮ್ಮಟವನ್ನೆತ್ತಲಿಲ್ಲ. ಅದರ ದಕ್ಷಿಣಕ್ಕೆ, ತೋಟಕ್ಕೂ ಗೋರಿಯ ಅಂಗಳಕ್ಕೂ ನಡುವೆ, ನಾಲ್ಕು ಕಲ್ಲುಕಂಬಗಳ ಹಜಾರವೊಂದನ್ನು ಕಟ್ಟಿಸಿದನು. ಅದು ಉತ್ತರಕ್ಕೂ ದಕ್ಷಿಣಕ್ಕೂ ತೆರೆದಿದ್ದಿತು. ಎರಡನೆಯದಾಗಿ, ಗೋರಿಯ ಮೇಲೆ ಅಮೃತಶಿಲೆಯ ದೊಡ್ಡ ಹಾಸನ್ನಿರಿಸಿ, ಅದರ ಮೇಲೆ ಹಾಫಿಜನ ಗಜಲುಗಳನ್ನೇ ನಸ್ತಾಲೀಖ್ ಲಿಪಿಯಲ್ಲಿ ಕೆತ್ತಿಸಿದನು. ಕವಿಯನ್ನು ಇತರರು ಹೊಗಳಿದ ಮಾತಿಗಿಂತ ಕವಿಯ ಮಾತೇ ಮುಂದಾಯಿತು. ಗೋರಿಯು ಪುಸ್ತಕದ ಪುಟವಾಯಿತು. ಹಜಾರವು ಅದನ್ನು ಓದಬಂದವರ ನೆರಳಾಯಿತು. ಆ ಕಲ್ಲು ಇಂದಿಗೂ ಅಲ್ಲಿಯೇ ಇದೆ.

ಹತ್ತೊಂಬತ್ತನೆಯ ಶತಮಾನವು ಬೇಲಿಗಳ ಕಾಲ. 1878ರಲ್ಲಿ ಪ್ರಾಂತಾಧಿಪತಿಯಾದ ಫರ್ಹಾದ್ ಮೀರ್ಜಾ ಮುತಮದುದ್ದೌಲನು ಕಲ್ಲಿನ ಸುತ್ತಲೂ ಮರದ ಜಾಲಂಧ್ರವನ್ನು ಹಾಕಿಸಿದನು. ರಕ್ಷಣೆಯ ಉದ್ದೇಶವು ಒಳ್ಳೆಯದೇ. ಆದರೆ ಬೇಲಿಯು ವಸ್ತುವನ್ನು ಕಾಯುವುದರ ಜೊತೆಗೆ ಇದು ಇಂಥವರ ಸೊತ್ತೆಂದೂ ಸಾರುವುದು. ಈ ಗುಣವು 1899ರಲ್ಲಿ ಬಯಲಿಗೆ ಬಂದಿತು. ಆ ವರ್ಷ ಜರತುಷ್ಟ್ರ ಮತದ ಪಾರ್ಸಿಯೊಬ್ಬರು ಭಕ್ತಿಯಿಂದ ತಮ್ಮ ಸ್ವಂತ ವೆಚ್ಚದಲ್ಲಿ ಗೋರಿಗೆ ಹೊಸ ಆವರಣವನ್ನು ಕಟ್ಟಿಸತೊಡಗಿದರು. ಮುಸಲ್ಮಾನನ ಗೋರಿಯ ಮೇಲೆ ಅನ್ಯಮತದವರು ಕಟ್ಟಕೂಡದೆಂದು ಶೀರಾಜಿನ ಮತಪಂಡಿತರೊಬ್ಬರು ಜನರನ್ನು ಕೂಡಿಕೊಂಡು ಬಂದು, ಅರ್ಧವಾಗಿದ್ದ ಕೆಲಸವನ್ನು ಒಡೆದುಹಾಕಿಸಿದರು. ಊರಿನಲ್ಲಿ ಅನೇಕರು ನೊಂದುಕೊಂಡರು. ಅದನ್ನು ಮತ್ತೆ ಕಟ್ಟಬೇಕೆಂದು ರಾಜಧಾನಿಯಿಂದ ಅಪ್ಪಣೆ ಬಂದರೂ ವಿರೋಧವು ಅಡಗಲಿಲ್ಲ. ಕವಿಯ ಗೋರಿಯು ಕಲ್ಲುಮಣ್ಣಿನ ರಾಶಿಯ ನಡುವೆ ಎರಡು ವರ್ಷ ಹಾಗೆಯೇ ಬಿದ್ದಿತ್ತು. ಕಡೆಗೆ 1901ರಲ್ಲಿ ರಾಜಕುಮಾರ ಮಲಿಕ್ ಮನ್ಸೂರ್ ಮೀರ್ಜಾ ಶುಆಉಸ್ಸಲ್ತನನು ಕಬ್ಬಿಣದ ಜಾಲಂಧ್ರವನ್ನು ಹಾಕಿಸಿದನು. ಶವಯಾತ್ರೆಯ ದಿನ ಚೀಟಿಯೆತ್ತಿ ತೀರಿಸಿದರೆಂಬ ವಿವಾದವು ಐನೂರು ವರ್ಷಗಳ ಮೇಲೆ ಮರಳಿ ತಲೆಯೆತ್ತಿತು; ಈ ಸಲ ಕಬ್ಬಿಣವು ತೀರ್ಪು ಕೊಟ್ಟಿತು.

ಆ ಕಬ್ಬಿಣವನ್ನು ಕಂಡು ಮನಸ್ಸಿಗೊಗ್ಗದೆ ಹೋದವರಲ್ಲಿ ರವೀಂದ್ರನಾಥ ಠಾಕೂರರೂ ಒಬ್ಬರು. 1932ರಲ್ಲಿ ಇರಾನ್ ಸರ್ಕಾರದ ಆಮಂತ್ರಣದ ಮೇರೆಗೆ ಅಲ್ಲಿಗೆ ಹೋದ ಅವರು ಈ ಗೋರಿಯ ಬಳಿ ಕುಳಿತು, ಅಲ್ಲಿನ ವಾಡಿಕೆಯಂತೆ ಹಾಫಿಜನ ‘ದೀವಾನ’ನ್ನು ತೆರೆದು ಶಕುನ ನೋಡಿದರು. ಅವರ ತಂದೆ ಮಹರ್ಷಿ ದೇವೇಂದ್ರನಾಥರು ಹಾಫಿಜನ ಪರಮಭಕ್ತರಾಗಿದ್ದುದರಿಂದ ಆ ಎಡೆಯು ಅವರಿಗೆ ತವರಿನಂತೆ ತೋರಿದುದು ಸಹಜವೇ. ಆದರೆ ಎರಕ ಹೊಯ್ದ ಲೋಹದ ಜಾಲರಿಯು ಹಾಫಿಜನ ಕಾವ್ಯಕ್ಕೆ ಸ್ವಲ್ಪವೂ ಹೊಂದುವುದಿಲ್ಲವೆಂದೂ, ಅದರೊಳಗೆ ಕವಿಯು ಬಂದಿಯಂತೆ ಕಾಣುವನೆಂದೂ ಅವರು ತಮ್ಮ ಪ್ರವಾಸಕಥನದಲ್ಲಿ ಅಭಿಪ್ರಾಯಪಟ್ಟಿರುವರು. ಒಬ್ಬ ಕವಿಯ ಸಮಾಧಿಯನ್ನು ಇನ್ನೊಬ್ಬ ಕವಿಯು ಔಚಿತ್ಯದ ದೃಷ್ಟಿಯಿಂದ ಪರೀಕ್ಷಿಸಿದ ಇದಕ್ಕಿಂತ ಮೇಲಾದ ಉದಾಹರಣೆಯು ದೊರೆಯುವುದು ದುರ್ಲಭ.

ಮೂರೇ ವರ್ಷಗಳಲ್ಲಿ ಆ ಬೇಲಿಗೆ ಕೊನೆಗಾಲ ಬಂದಿತು. ವಿದ್ಯಾಮಂತ್ರಿಯಾಗಿದ್ದ ಅಲೀ ಅಸ್ಗರ್ ಹಿಕ್ಮತರ ಆಸಕ್ತಿಯಿಂದ 1935ರಲ್ಲಿ ಪ್ರಾರಂಭವಾದ ಕೆಲಸವು 1938ರ ಹೊತ್ತಿಗೆ ಪೂರ್ತಿಯಾಯಿತು. ನಕ್ಷೆಯನ್ನು ಸಿದ್ಧಪಡಿಸಿದವರು ಇರಾನಿನ ಪ್ರಾಚ್ಯವಸ್ತು ಇಲಾಖೆಯ ಅಧ್ಯಕ್ಷರಾಗಿದ್ದ ಫ್ರೆಂಚ್ ವಿದ್ವಾಂಸ ಆಂದ್ರೆ ಗೋದಾರರು. ಅವರೊಡನೆ ಮ್ಯಾಕ್ಸೀಮ್ ಸಿರೂ ಎಂಬ ಶಿಲ್ಪಿಯೂ ದುಡಿದರು. ಇಂದು ಕಾಣುವುದು ಈ ಕಟ್ಟಡವೇ. ದಕ್ಷಿಣದ ಬಾಗಿಲಿನಿಂದ ಒಳಹೊಕ್ಕವನು ಮೊದಲು ಹೂದೋಟದ ನಡುವಣ ದಾರಿಯಲ್ಲಿ ನಡೆಯುವನು. ಎದುರಿಗೆ ಕಂಬಗಳ ಸಾಲೊಂದು ಅಡ್ಡವಾಗಿ ನಿಂತಿರುವುದು. ಮೆಟ್ಟಲುಗಳನ್ನೇರಿ ಆ ಕಂಬಗಳ ನಡುವೆ ಹಾಯ್ದ ಮೇಲೆ ಉತ್ತರದ ಅಂಗಳವು ಕಣ್ಣಿಗೆ ಬೀಳುವುದು. ಅದರ ಮಧ್ಯದಲ್ಲಿ, ವೃತ್ತಾಕಾರವಾದ ಐದು ಮೆಟ್ಟಲುಗಳ ಜಗಲಿಯ ಮೇಲೆ, ಎಂಟು ಕಲ್ಲುಕಂಬಗಳ ಮಂಟಪವಿರುವುದು. ಕಂಬಗಳ ಎತ್ತರವು ಸುಮಾರು 33 ಅಡಿ. ಅವುಗಳ ಮೇಲೆ ತಾಮ್ರದ ಹೊದಿಕೆಯ ಗುಮ್ಮಟ. ಕೆಳಗೆ ಕರೀಂಖಾನನ ಅಮೃತಶಿಲೆ. ಗೋಡೆಯಿಲ್ಲ, ಬಾಗಿಲಿಲ್ಲ, ಜಾಲಂಧ್ರವೂ ಇಲ್ಲ.

ಈ ನಕ್ಷೆಯಲ್ಲಿ ಮೊದಲು ಗಮನಿಸತಕ್ಕುದು ಹಜಾರದ ವಿಷಯ. ಗೋದಾರರು ಕರೀಂಖಾನನ ನಾಲ್ಕು ಕಂಬಗಳನ್ನು ಕೀಳಲಿಲ್ಲ. ಅವುಗಳನ್ನು ನಡುವೆ ಉಳಿಸಿಕೊಂಡು, ಅಕ್ಕಪಕ್ಕಗಳಲ್ಲಿ ಹದಿನಾರು ಕಂಬಗಳನ್ನು ಸೇರಿಸಿ, ಇಪ್ಪತ್ತು ಕಂಬಗಳ ಸುಮಾರು 184 ಅಡಿ ಉದ್ದದ ಒಂದೇ ಸಾಲನ್ನು ಮಾಡಿದರು. ಹಳೆಯ ಕವಿಯ ಒಂದು ಪಾದವನ್ನು ಎತ್ತಿಕೊಂಡು ಅದೇ ಛಂದಸ್ಸಿನಲ್ಲಿ ಉಳಿದ ಪಾದಗಳನ್ನು ತುಂಬುವ ಸಮಸ್ಯಾಪೂರಣದ ವಿನಯವು ಇಲ್ಲಿದೆ. ಆದರೂ ಅರ್ಥವು ಬೆಳೆದಿದೆ. ಕರೀಂಖಾನನ ಹಜಾರವು ಕುಳಿತುಕೊಳ್ಳುವ ಎಡೆಯಾಗಿದ್ದಿತು; ಗೋದಾರರ ಹಜಾರವು ಹಾಯ್ದುಹೋಗುವ ಹೊಸ್ತಿಲಾಯಿತು. ಅದು ಗೋರಿಯನ್ನು ದೂರದಿಂದ ಮರೆಮಾಡುವುದು, ಆದರೆ ಯಾರನ್ನೂ ತಡೆಯದು. ತೆರೆಯ ಕೆಲಸವನ್ನು ಮಾಡುತ್ತ ಬೇಲಿಯ ಕೆಲಸವನ್ನು ಮಾಡದಿರುವ ಈ ಸಾಲಿನಲ್ಲಿ, ಅರ್ಥವನ್ನು ಮುಚ್ಚಿಯೂ ಮುಚ್ಚದ ಗಜಲಿನ ರೀತಿಯು ಕಂಡುಬರುವುದು.

ಎರಡನೆಯದು ಮಂಟಪದ ಔಚಿತ್ಯ. ಎಂಟು ಕಂಬಗಳ ನಡುವಣ ಎಂಟು ತೆರಪುಗಳಲ್ಲಿ ಯಾವುದೂ ಮುಖ್ಯದ್ವಾರವಲ್ಲ. ಯಾವ ದಿಕ್ಕಿನಿಂದ ಬಂದವನಿಗೂ ಒಂದೇ ಬಗೆಯ ಪ್ರವೇಶ. ಯಾವ ದ್ವಿಪದಿಯಿಂದ ಹೊಕ್ಕರೂ ಗಜಲಿನ ಹೃದಯವನ್ನು ಮುಟ್ಟಬಹುದೆಂದು ಬಲ್ಲ ರಸಿಕನಿಗೆ ಇದು ಆಕಸ್ಮಿಕವೆನಿಸದು. 1899ರ ಪ್ರಶ್ನೆಗೆ ಈ ಮಂಟಪವು ಮಾತಿಲ್ಲದೆ ಉತ್ತರ ಹೇಳಿದೆ: ಬಾಗಿಲೇ ಇಲ್ಲದ ಕಡೆ ಯಾರನ್ನು ಹೊರಗೆ ನಿಲ್ಲಿಸುವುದು?

ಮೂರನೆಯದಾದ ಗುಮ್ಮಟದ ವಿಷಯದಲ್ಲಿ ಪೂರ್ವಪಕ್ಷವು ಬಲವಾಗಿದೆ. ಅದರ ಹೊರ ಆಕಾರವು ದರ್ವೇಶಿಯ ಟೋಪಿಯಂತಿದೆಯೆಂದು ಎಲ್ಲರೂ ಹೇಳುವರು. ಹಾಗಿದ್ದರೆ ವೇಷಧಾರಿಗಳಾದ ಸೂಫಿಗಳನ್ನು ಜೀವಮಾನವೆಲ್ಲ ಹಾಸ್ಯ ಮಾಡಿದ ಕವಿಯ ತಲೆಯ ಮೇಲೆ ಅವರ ಟೋಪಿಯನ್ನೇ ಇಟ್ಟಂತಾಗಲಿಲ್ಲವೆ? ತೀರದ ವಾದವನ್ನು ಕಟ್ಟಡವು ಒಂದು ಪಕ್ಷಕ್ಕೆ ತೀರಿಸಿಬಿಟ್ಟಂತಾಗಲಿಲ್ಲವೆ? ಈ ಆಕ್ಷೇಪಣೆಯನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಹೊರಗಿನಿಂದ ಮಾತ್ರ ನೋಡಿದರೆ ಅದು ನಿಜವೇ. ಆದರೆ ಮಂಟಪದೊಳಗೆ ನಿಂತು ತಲೆಯೆತ್ತಿದವನಿಗೆ ಟೋಪಿಯು ಕಾಣುವುದಿಲ್ಲ. ಅಲ್ಲಿ ಕಾಣುವುದು ಬಣ್ಣದ ಮೆರುಗುಹೆಂಚಿನ ಚೂರುಗಳನ್ನು ಜೋಡಿಸಿದ ಒಳಮಾಳಿಗೆ: ನೀಲಿ, ಊದಾ, ಕಪ್ಪು, ಬಿಳುಪು, ಕೆಂಗಂದು ಬಣ್ಣಗಳು ನಡುವಿನಿಂದ ಹೊರಕ್ಕೆ ಅರಳುತ್ತ ಹೋಗುವುವು. ಅದು ಹೂವೋ ನಕ್ಷತ್ರಮಂಡಲವೋ ಎಂದು ನಿಶ್ಚಯಿಸಲು ಬಾರದು. ಹೊರಗೆ ವಾಚ್ಯಾರ್ಥ, ಒಳಗೆ ವ್ಯಂಗ್ಯಾರ್ಥ. ಹಾಫಿಜನ ಮಾತೂ ಹಾಗೆಯೇ ಅಲ್ಲವೆ? ಇಷ್ಟಾದರೂ ಹೊರಗಿನ ಆಕಾರವು ಅಷ್ಟು ಸ್ಪಷ್ಟವಾಗಿ ಮಾತನಾಡದಿದ್ದರೆ ಇನ್ನೂ ಲೇಸಾಗುತ್ತಿದ್ದಿತೆಂದು ಒಪ್ಪಲೇಬೇಕು.

ಗೋದಾರರ ಕೃತಿಯ ಬೆಲೆಯು ಅದೇ ಕಾಲದ ಇನ್ನೊಂದು ಸಮಾಧಿಯ ಪಕ್ಕದಲ್ಲಿಟ್ಟರೆ ಸ್ಪಷ್ಟವಾಗುವುದು. ‘ಷಾಹನಾಮೆ’ಯ ಕವಿಯಾದ ಫಿರ್ದೌಸಿಯನ್ನು ಮುಸಲ್ಮಾನರ ಸ್ಮಶಾನದಲ್ಲಿ ಹೂಳಗೊಡದೆ, ತೂಸ್ ಪಟ್ಟಣದ ಅವನ ಸ್ವಂತ ತೋಟದಲ್ಲಿಯೇ ಹೂಳಬೇಕಾಯಿತೆಂದು ನಿಜಾಮೀ ಅರೂಜೀ ಬರೆದಿರುವನು. 1934ರಲ್ಲಿ ರೇಜಾ ಷಾ ಅಲ್ಲಿ ಹೊಸ ಸಮಾಧಿಮಂದಿರವನ್ನು ಉದ್ಘಾಟಿಸಿದನು. ಸೈರಸ್ ಚಕ್ರವರ್ತಿಯ ಗೋರಿಯನ್ನು ನೆನಪಿಗೆ ತರುವ ಎತ್ತರವಾದ ಕಲ್ಲಿನ ರಾಶಿ, ಪರ್ಸಿಪೊಲಿಸ್ಸಿನ ರೀತಿಯ ವೃಷಭಮುಖದ ಬೋದಿಗೆಗಳು. ನೆಲವು ಕುಸಿಯತೊಡಗಿದುದರಿಂದ 1960ರ ದಶಕದಲ್ಲಿ ಹೂಷಂಗ್ ಸೇಹೂನರ ಮೇಲ್ವಿಚಾರಣೆಯಲ್ಲಿ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ರಾಜರ ಕಥೆಯನ್ನು ಹಾಡಿದವನಿಗೆ ರಾಜಗಾಂಭೀರ್ಯವು ಅನುಚಿತವೆನ್ನಲಾಗದು. ವೀರಕಾವ್ಯಕ್ಕೆ ಓಜೋಗುಣವು ಬೇಕು. ಆದರೆ ಅದೇ ಅಚ್ಚನ್ನು ಶೀರಾಜಿಗೂ ಒಯ್ದಿದ್ದರೆ ಹಾಫಿಜನು ಎರಡನೆಯ ಸಲ ಸತ್ತಂತಾಗುತ್ತಿದ್ದಿತು. ಒಂದೇ ಸರ್ಕಾರದ ಆಶ್ರಯದಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ, ಇಬ್ಬರು ಕವಿಗಳಿಗೆ ಎರಡು ಬಗೆಯ ಭಾಷೆಯು ದೊರೆತುದು ವಿವೇಕದ ಲಕ್ಷಣ.

ಆ ಸರ್ಕಾರದ ವಿಷಯದಲ್ಲಿ ಒಂದು ಮಾತನ್ನು ಬಿಟ್ಟರೆ ವಿಮರ್ಶೆಯು ಅಪೂರ್ಣವಾದೀತು. ರೇಜಾ ಷಾನ ಆಳ್ವಿಕೆಗೆ ಗತಿಸಿದ ಕವಿಗಳು ರಾಷ್ಟ್ರದ ಭೂಷಣಗಳಾಗಿ ಬೇಕಾಗಿದ್ದರು. ಬದುಕಿದ್ದ ಕವಿಗಳ ಮೇಲೆ ಅದಕ್ಕೆ ಅಷ್ಟು ಪ್ರೀತಿಯಿರಲಿಲ್ಲ. ಸ್ವಾತಂತ್ರ್ಯವನ್ನು ಗಜಲಿನಲ್ಲಿ ಹಾಡಿದ ಫರ್ರುಖೀ ಯಜ್ದಿಯು ಸೆರೆಮನೆಯಲ್ಲಿ ಕೊಳೆತು 1939ರಲ್ಲಿ ಅಲ್ಲಿಯೇ ಪ್ರಾಣಬಿಟ್ಟನು. ಶೀರಾಜಿನ ಮಂಟಪವು ಮುಗಿದು ಆಗ ಇನ್ನೂ ಒಂದೆರಡು ವರ್ಷವೂ ಆಗಿರಲಿಲ್ಲ. ಹಾಫಿಜನ ಗೋರಿಯಿಂದ ಕಿತ್ತ ಕಬ್ಬಿಣದ ಸಲಾಕೆಗಳು ಬೇರೊಬ್ಬ ಕವಿಯ ಕಿಟಕಿಗೆ ಸೇರಿದಂತಾಯಿತು. ಇದರಿಂದ ಗೋದಾರರ ಶಿಲ್ಪದ ಗುಣವು ಕುಂದುವುದಿಲ್ಲ. ಆದರೆ ಸ್ಮಾರಕವನ್ನು ಕಟ್ಟಿಸುವವರ ಕಾವ್ಯಪ್ರೇಮವನ್ನು ಅಳೆಯಲು ಸ್ಮಾರಕವೊಂದೇ ಸಾಲದೆಂಬುದು ಮನದಟ್ಟಾಗುವುದು.

ಕಟ್ಟಿಸಿದವರ ಉದ್ದೇಶವೇನೇ ಇರಲಿ, ಕಟ್ಟಡವು ಅವರ ಕೈಮೀರಿ ಜನರದಾಗಿದೆ. ಅಲ್ಲಿಗೆ ಬರುವವರು ಬಾಗಿ ಬೆರಳುಗಳನ್ನು ಕಲ್ಲಿಗೆ ಮುಟ್ಟಿಸುವರು. ಕೆಲವರು ಪ್ರಾರ್ಥನೆಯನ್ನು ಹೇಳುವರು, ಕೆಲವರು ಗಜಲನ್ನು ಹೇಳುವರು, ಎರಡನ್ನೂ ಹೇಳುವವರೂ ಉಂಟು. ‘ದೀವಾನ’ನ್ನು ತೆರೆದು ಶಕುನ ನೋಡುವ ವಾಡಿಕೆಯು ಇಂದಿಗೂ ನಿಂತಿಲ್ಲ. ಮದುವೆ, ಪ್ರಯಾಣ, ಪರೀಕ್ಷೆ, ಮಗುವಿನ ಕಾಯಿಲೆ, ಯಾವ ಕಳವಳವಿದ್ದರೂ ಪುಟವನ್ನು ತೆರೆದು ಕವಿಯನ್ನು ಕೇಳುವರು. ಗೋರಿಯೆದುರಿಗೆ ಪುಸ್ತಕವು ತೆರೆಯುವ ಈ ಗಳಿಗೆಯಲ್ಲಿಯೇ ಸಮಾಧಿಯು ತನ್ನ ಪ್ರಯೋಜನವನ್ನು ಪಡೆಯುವುದು. ಬೇಲಿಯಿದ್ದ ಕಾಲದಲ್ಲಿಯೂ ಜನರು ಓದಿದರು, ನಿಜ. ಆಗ ಬೇಲಿಯನ್ನು ಮರೆತು ಓದಬೇಕಾಗಿದ್ದಿತು. ಈಗಿನ ಮಂಟಪದಲ್ಲಿ ಮರೆಯಬೇಕಾದುದು ಏನೂ ಇಲ್ಲ.

ಇಷ್ಟರಿಂದ ತಿಳಿಯತಕ್ಕುದೇನೆಂದರೆ, ಕವಿಯ ಸಮಾಧಿಯ ಹಿರಿಮೆಯು ಅದರ ಎತ್ತರದಲ್ಲಿಲ್ಲ, ಹಾಕಿದ ದ್ರವ್ಯದಲ್ಲಿಯೂ ಇಲ್ಲ. ಕಟ್ಟಿದವನು ಆ ಕಾವ್ಯವನ್ನು ಎಷ್ಟು ಸರಿಯಾಗಿ ಓದಿದ್ದನೆಂಬುದರಲ್ಲಿದೆ. ಯಗ್ಮಾಯಿಯು ನೀರನ್ನು ಓದಿದನು. ಕರೀಂಖಾನನು ಕಲ್ಲಿನ ಮೇಲೆ ಗಜಲನ್ನಿರಿಸಿ ಅದರೆದುರು ನೆರಳನ್ನು ಹಾಸಿದನು. ಗೋದಾರರು ಅವನ ನಾಲ್ಕು ಕಂಬಗಳಿಂದ ಪಾಠ ಕಲಿತು ಗೋಡೆಯೇ ಬೇಡವೆಂದು ನಿರ್ಣಯಿಸಿದರು. ಟೋಪಿಯ ಆಕಾರದಲ್ಲಿ ಅವರು ಒಂದು ಮಾತು ಹೆಚ್ಚಾಗಿ ಆಡಿದರೆಂಬ ದೋಷವಿದ್ದರೂ, ಬಯಲಿನ ಗಾಳಿಯು ಎಂಟು ಕಡೆಗಳಿಂದಲೂ ಆ ಅಮೃತಶಿಲೆಯ ಮೇಲೆ ಸುಳಿಯುವಂತೆ ಮಾಡಿದ ಪುಣ್ಯವು ಅವರದು. ರಸಿಕರು ಇದಕ್ಕಾಗಿ ಅವರಿಗೆ ಋಣಿಗಳಾಗಿರುವರು.